ಪಿಯುಸಿ ಪ್ರಬಂಧಕ್ಕೆ ‘ಶಿಕಾರಿ’ ಕಾದಂಬರಿ ತಗೊಳ್ಳಬಹುದಾ?

ತಗೊಳ್ಳಬಹುದು. ಆದರೆ ಕೈಯಲ್ಲಿ ಮೂರು ವಾರವಾದರೂ ಇರಬೇಕು, ಜೊತೆಗೆ ಒಂದು ಪೆನ್ಸಿಲ್.

ನನ್ನ ಅಕ್ಕನ ಮಗಳು ಕುಮಟಾದಲ್ಲಿ ನಮ್ಮ ಮನೆಯಲ್ಲೇ ಇದ್ದು ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ಅವಳ ಕನ್ನಡ ಸರ್ ಕೊಟ್ಟ ಕೆಲಸ ಇಷ್ಟು: ಓದಲು ಕಷ್ಟ ಅಂತ ಹೆಸರಾದ ಕಾದಂಬರಿ ಒಂದನ್ನು ಆರಿಸಿ, ಓದಿ, ಅದು ನಿಮಗೆ ಎಲ್ಲಿ ಕಷ್ಟ ಆಯಿತು ಅಂತ ಬರೆಯಿರಿ. ಒಳ್ಳೆ ಪ್ರಶ್ನೆ. ಗೈಡು ನೋಡಿ ಬರೆಯಲು ಆಗುವುದಿಲ್ಲ.

ಮೊದಲು ಮನೆಯಲ್ಲಿದ್ದ ಎರಡು ಪುಸ್ತಕ ಕೆಳಗಿಳಿಸಿದೆವು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನನಗೆ ಪ್ರಾಣ. ಆದರೆ ಅಷ್ಟು ದಪ್ಪದ ಪುಸ್ತಕ, ಅಷ್ಟೊಂದು ಜನ, ಯಾರು ಯಾರ ಮನೆಯವರು ಅಂತ ಹಾಳೆಯಲ್ಲಿ ಬರೆದುಕೊಂಡೇ ಓದಬೇಕು. ಪರೀಕ್ಷೆಯ ವರ್ಷ ಬೇಡ, ರಜೆಗೆ ಇಟ್ಟುಕೊಳ್ಳಲಿ. ಕಾರಂತರ ‘ಮರಳಿ ಮಣ್ಣಿಗೆ’ ಕರಾವಳಿಯ ಮಕ್ಕಳಿಗೆ ಕಷ್ಟವೇ ಅಲ್ಲ: ಮೂರು ತಲೆಮಾರು, ಕಡಲು, ಹೊಳೆ, ಮಳೆ, ಹೊರಗೆ ಹೋಗಿ ತಿರುಗಿ ಬರುವ ಮೊಮ್ಮಗ, ಎಲ್ಲ ನಮ್ಮ ಪಕ್ಕದ ಮನೆಯದ್ದೇ ಅನಿಸುತ್ತದೆ. ಸಮಯ ಕಡಿಮೆ ಇದ್ದವರು ಅದನ್ನೇ ತಗೊಳ್ಳಿ, ಧೈರ್ಯವಾಗಿ ಹೇಳುತ್ತೇನೆ.

ಅವಳು ಆರಿಸಿದ್ದು ಯಶವಂತ ಚಿತ್ತಾಲರ ‘ಶಿಕಾರಿ’. 1979ರಲ್ಲಿ ಬಂದದ್ದು. ಆರಿಸಿದ ಕಾರಣ ಸಣ್ಣದು. ಮಾದನಗೇರಿಯಿಂದ ಗೋಕರ್ಣಕ್ಕೆ ಹೋಗುವಾಗ ಸಿಗುವ ಹನೇಹಳ್ಳಿ ಚಿತ್ತಾಲರ ಊರು ಅಂತ ನಾನು ಒಮ್ಮೆ ಬಸ್ಸಿನಲ್ಲಿ ಹೇಳಿದ್ದೆ, ಅದು ಅವಳಿಗೆ ನೆನಪಿತ್ತು.

ಕತೆ ಹೇಳುವುದಾದರೆ ಎರಡೇ ಮಾತು. ನಾಗಪ್ಪ ಅಂತ ಹನೇಹಳ್ಳಿ ಮೂಲದವನು, ಮುಂಬಯಿಯ ದೊಡ್ಡ ಕಂಪನಿಯಲ್ಲಿ ಆಫೀಸರು. ಅವನನ್ನು ಕೆಲಸದಿಂದ ಅಮಾನತು ಮಾಡುತ್ತಾರೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಯಾರು ಬೇಟೆಗಾರ, ಯಾರು ಬೇಟೆ ಅನ್ನುವುದು ಮುಂದಿನದ್ದು.

ಕಷ್ಟ ಇರುವುದು ಕತೆಯಲ್ಲಿ ಅಲ್ಲ, ನಾವು ಎಲ್ಲಿ ನಿಂತು ನೋಡುತ್ತೇವೆ ಅನ್ನುವುದರಲ್ಲಿ. ಪೂರ್ತಿ ನಾಗಪ್ಪನ ತಲೆಯೊಳಗೇ ಇರಬೇಕು. ಎದುರಿಗೆ ಕೂತವನು ಒಂದು ಮಾತಾಡಿದರೆ ಇವನ ಮನಸ್ಸು ಹತ್ತು ಕಡೆ ಹೋಗುತ್ತದೆ, ಅನುಮಾನ, ಹಳೇ ಅವಮಾನ, ಚಿಕ್ಕಂದಿನ ಊರು, ಮತ್ತೆ ಅನುಮಾನ, ಅಷ್ಟರಲ್ಲಿ ಎದುರಿಗಿದ್ದವನು ಏನು ಕೇಳಿದ್ದ ಅನ್ನುವುದೇ ನಮಗೆ ಮರೆತಿರುತ್ತದೆ. ನಾಲ್ಕನೇ ದಿನ ಅವಳು ಪುಸ್ತಕ ಮಡಚಿಟ್ಟು, “ಚಿಕ್ಕಿ, ಯಂಗೆ ತಲೆಬುಡ ಅರ್ಥ ಆಗ್ತಿಲ್ಲೆ” ಅಂದಳು.

ಅವತ್ತು ಮಾಡಿದ್ದು ಎರಡು ಕೆಲಸ. ನಾನು ಸೊಸೈಟಿಯಲ್ಲಿ ಕೆಲಸ ಮಾಡುವವಳು, ಹಾಗಾಗಿ ಅಮಾನತು ಅಂದರೇನು, ಮೆಮೊ ಅಂದರೇನು, ವಿಚಾರಣೆ ಹೇಗೆ ನಡೆಯುತ್ತದೆ, ಆ ದಿನಗಳಲ್ಲಿ ಜೊತೆಯವರು ಮುಖ ಹೇಗೆ ತಿರುಗಿಸುತ್ತಾರೆ ಅಂತೆಲ್ಲ ಕೂತು ಹೇಳಿದೆ. ಹದಿನೇಳು ವರ್ಷದ ಹುಡುಗಿಗೆ ಇದು ಹೇಗೆ ಗೊತ್ತಿರಬೇಕು? ಮನೆಯಲ್ಲಿ ಯಾರಾದರೂ ನೌಕರಿಯವರು ಇದ್ದರೆ ಮೊದಲೇ ಕೇಳಿಕೊಳ್ಳಿ. ಇನ್ನೊಂದು ಅವಳೇ ಕಂಡುಕೊಂಡ ದಾರಿ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕತೊಡಗಿದಳು, ಮನಸ್ಸು ಮುಂಬಯಿಯಲ್ಲಿದ್ದರೆ ‘ಮುಂ’, ಹನೇಹಳ್ಳಿಗೆ ಹೋದರೆ ‘ಹ’. ಒಂದು ಪುಟದಲ್ಲಂತೂ ಮೇಲಿಂದ ಕೆಳಗೆ ಮುಂ, ಹ, ಮುಂ, ಹ, ಹ. ಕೊನೆಯ ‘ಹ’ದ ಪಕ್ಕ “ಹೆದರಿದಾಗ?” ಅಂತ ಸಣ್ಣಕ್ಷರದಲ್ಲಿ ಬರೆದಿದ್ದಳು. ಅವಳ ಪ್ರಬಂಧ ಹುಟ್ಟಿದ್ದು ಅಲ್ಲಿ.

ಆಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಅವಳೇ ಬಾಯಿಬಿಟ್ಟಳು. ಒಂಬತ್ತನೇ ಕ್ಲಾಸಿನಲ್ಲಿ ಯಾರೋ ಚಾಡಿ ಹೇಳಿದ್ದರಿಂದ ಇಡೀ ಮಧ್ಯಾಹ್ನ ಸ್ಟಾಫ್ ರೂಮಿನ ಹೊರಗೆ ನಿಲ್ಲಿಸಿದ್ದರಂತೆ. ತಪ್ಪೇನು ಅಂತ ಯಾರೂ ಹೇಳಲಿಲ್ಲ. ತಾನು ಮಾಡಿರಬಹುದಾದ ತಪ್ಪುಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಾ ನಿಂತಿದ್ದಳಂತೆ. ಮೂರು ವರ್ಷ ನಮಗೆ ಯಾರಿಗೂ ಹೇಳಿರಲಿಲ್ಲ. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ನಾಗಪ್ಪ ಮಾಡುವುದೂ ಅದನ್ನೇ ಅಲ್ವಾ?

ಕೊರತೆಗಳೂ ಇವೆ. ನಡುವಿನ ಭಾಗ ಎಳೆದ ಹಾಗೆ ಅನಿಸುತ್ತದೆ, ಅದೇ ಸಂಶಯ ಸುತ್ತಿ ಸುತ್ತಿ ಬರುತ್ತದೆ. ಹೆಂಗಸರನ್ನೆಲ್ಲ ನಾವು ನಾಗಪ್ಪನ ಕಣ್ಣಿನಿಂದಲೇ ನೋಡಬೇಕು, ಅವರ ಮನಸ್ಸು ಏನು ಅಂತ ತಿಳಿಯುವುದಿಲ್ಲ. ಇದನ್ನು ಅವಳೇ ಎತ್ತಿ ಹೇಳಿದಳು, ಪ್ರಬಂಧದಲ್ಲೂ ಬರೆದಳು, ನನಗದು ತುಂಬಾ ಇಷ್ಟವಾಯಿತು. ದೊಡ್ಡವರ ವಿಷಯಗಳೂ ಬರುತ್ತವೆ, ಹಾಗಾಗಿ ಹೈಸ್ಕೂಲ್ ಮಕ್ಕಳಿಗೆ ಕೊಡಬೇಡಿ.

ಪುಸ್ತಕ ತರಿಸಿದ ಮೇಲೆ ಪುಟ ಎಣಿಸಿ ನೋಡಿ. ಆನ್‌ಲೈನಿನಲ್ಲಿ ತರಿಸಿದ ನಮ್ಮ ಮೊದಲ ಪ್ರತಿಯಲ್ಲಿ 16 ಪುಟ ಎರಡೆರಡು ಸಲ ಹೊಲಿದು, ಮುಂದಿನ 16 ಪುಟ ಬಿಟ್ಟೇಹೋಗಿತ್ತು. ಬೇರೆ ಪುಸ್ತಕವಾಗಿದ್ದರೆ ಕೂಡಲೇ ಗೊತ್ತಾಗುತ್ತಿತ್ತು. ಇದರಲ್ಲಿ ನೆನಪುಗಳು ಹೇಗೂ ತಿರುತಿರುಗಿ ಬರುತ್ತವೆ, ಅವಳು ಬೇಕಂತಲೇ ಹೀಗಿದೆ ಅಂದುಕೊಂಡು ಎರಡು ದಿನ ಒದ್ದಾಡಿದಳು. ಬದಲಿ ಪ್ರತಿ ಕೊಟ್ಟರು, ಆದರೆ ಒಂದು ವಾರ ಹೋಯಿತು.

ಚಿತ್ತಾಲರು ಬೇಕು, ಆದರೆ ಇಷ್ಟು ಗಟ್ಟಿ ಬೇಡ ಅನ್ನುವವರಿಗೆ ಅವರದ್ದೇ ‘ಮೂರು ದಾರಿಗಳು’ ಇದೆ. ಅದನ್ನು ಗಿರೀಶ ಕಾಸರವಳ್ಳಿ ಸಿನಿಮಾ ಕೂಡ ಮಾಡಿದ್ದಾರೆ. ನಮ್ಮನೆ ಕೂಸು ಈಗ ಅದನ್ನು ಓದುತ್ತಿದ್ದಾಳೆ, ಯಾವ ಸರ್ ಕೂಡ ಹೇಳದೆ. ‘ಶಿಕಾರಿ’ಯ ನಮ್ಮ ಪ್ರತಿ ಕುಮಟಾದ ಕಡೆಯ ಮಕ್ಕಳಿಗೆ ಓದಲು ಕೊಡುತ್ತೇವೆ. ಅಂಚಿನ ಗುರುತುಗಳನ್ನು ಮಾತ್ರ ಅಳಿಸಬಾರದು ಅಂತ ಅವಳು ಹೇಳಿದ್ದಾಳೆ.