ವಿಯೆಟ್ನಾಮಿಗೆ ಹೊರಟವರು ಕಾರ್ಡಿಗಿಂತ ಡಾಲರ್ ನೋಟನ್ನು ನಂಬಿ

ವಿಯೆಟ್ನಾಮಿಗೆ ಹೋಗುವಾಗ ದುಡ್ಡು ಹೇಗೆ ಒಯ್ಯಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಾಗಿದೆ: ಮಡಿಕೆ ಬೀಳದ ನೂರು ಡಾಲರಿನ ನೋಟುಗಳು, ಜೊತೆಗೆ ವಿನಿಮಯ ಶುಲ್ಕವಿಲ್ಲದ ಒಂದು ಕ್ರೆಡಿಟ್ ಕಾರ್ಡು. ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಒಯ್ಯುವ ಫಾರೆಕ್ಸ್ ಕಾರ್ಡು ಆ ದೇಶಕ್ಕೆ ಬೇಡ. ಡೆಬಿಟ್ ಕಾರ್ಡು ಚೀಲದ ತಳದಲ್ಲಿರಲಿ, ಅದನ್ನು ಹೊರಗೆ ತೆಗೆಯುವ ಸಂದರ್ಭ ಬಾರದಿರಲಿ.

ನಮ್ಮ ಕೊಡಗಿನ ಬೆಳೆಗಾರರಿಗೆ ವಿಯೆಟ್ನಾಂ ಎಂದರೆ ಕುತೂಹಲ ಸಹಜ. ರೊಬಸ್ಟಾ ಕಾಫಿ ಬೆಳೆಯುವುದರಲ್ಲಿ ಜಗತ್ತಿಗೆ ಅದೇ ಮೊದಲು, ಕರಿಮೆಣಸಿನ ರಫ್ತಿನಲ್ಲೂ ಅದೇ ಮೊದಲು. ಅಲ್ಲಿ ಬರ ಬಿದ್ದರೆ ಗೋಣಿಕೊಪ್ಪದಲ್ಲಿ ಕಾಫಿಯ ದರ ಏರುತ್ತದೆ. ಹೆಕ್ಟೇರಿಗೆ ನಮ್ಮ ಎರಡು ಪಟ್ಟಿಗಿಂತ ಹೆಚ್ಚು ಇಳುವರಿ ತೆಗೆಯುವ ಆ ತೋಟಗಳನ್ನು ಕಣ್ಣಾರೆ ನೋಡಬೇಕೆಂದು ನಾವು ಒಂದೇ ಕುಟುಂಬದವರು ಪುತ್ತರಿ ಹಬ್ಬ ಮುಗಿಸಿಕೊಂಡು, ಇಲ್ಲಿ ರೊಬಸ್ಟಾ ಕೊಯ್ಲು ಶುರುವಾಗುವ ಮೊದಲು ಹೊರಟೆವು. ಮೊದಲು ಹೋ ಚಿ ಮಿನ್ ನಗರ, ಅಲ್ಲಿಂದ ಕಾಫಿ ಸೀಮೆಯ ಬುವೊನ್ ಮ ಥುವೊಟ್. ಬಾವ ಫಾರೆಕ್ಸ್ ಕಾರ್ಡು ಮಾಡಿಸಿಕೊಂಡಿದ್ದರು. ಮಗಳ ಬಳಿ ಕ್ರೆಡಿಟ್ ಕಾರ್ಡು ಇತ್ತು. ನನ್ನ ಬಳಿ ಡಾಲರ್ ನೋಟು ಮತ್ತು ಉಳಿತಾಯ ಖಾತೆಯ ಡೆಬಿಟ್ ಕಾರ್ಡು. ಅದೇ ಊರು, ಅದೇ ಅಂಗಡಿ, ಅದೇ ದಿನ ಎಲ್ಲವನ್ನೂ ಬಳಸಿದ್ದರಿಂದ ಯಾವುದಕ್ಕೆ ಎಷ್ಟು ಸೋರಿಹೋಯಿತು ಎಂಬ ಲೆಕ್ಕ ಸ್ಪಷ್ಟವಾಗಿ ಸಿಕ್ಕಿತು.

ಫಾರೆಕ್ಸ್ ಕಾರ್ಡಿನ ವಿಷಯ ಬೇಗ ಮುಗಿಯುತ್ತದೆ. ಹೊರಡುವ ಮೊದಲೇ ದರ ನಿಗದಿಯಾಗುತ್ತದೆ, ಆಮೇಲೆ ರೂಪಾಯಿ ಕುಸಿದರೂ ಚಿಂತೆಯಿಲ್ಲ ಎನ್ನುವುದು ಅದರ ದೊಡ್ಡ ಆಕರ್ಷಣೆ. ಡಾಲರ್, ಯೂರೋ, ಪೌಂಡ್, ಸಿಂಗಪುರ ಡಾಲರ್ ನಡೆಯುವ ಕಡೆ ಆ ಮಾತು ನಿಜ. ಆದರೆ ಬಾವನ ಕಾರ್ಡಿಗೆ ವಿಯೆಟ್ನಾಮಿನ ಡಾಂಗ್ ತುಂಬಿಸಲು ಅವಕಾಶವೇ ಇರಲಿಲ್ಲ. ಅವರು ಡಾಲರ್ ತುಂಬಿಸಿಕೊಂಡರು. ಅಲ್ಲಿ ಕಾರ್ಡು ಉಜ್ಜಿದಾಗಲೆಲ್ಲ ಡಾಲರ್ ಡಾಂಗ್ ಆಗಬೇಕು, ಆ ಬದಲಾವಣೆಗೆ ಬೇರೆ ಶುಲ್ಕ. ರೂಪಾಯಿಯಿಂದ ಡಾಲರಿಗೆ ಹೋಗುವಾಗ ಒಮ್ಮೆ ಕೊಟ್ಟದ್ದಲ್ಲದೆ ಡಾಲರಿನಿಂದ ಡಾಂಗಿಗೆ ಹೋಗುವಾಗ ಮತ್ತೊಮ್ಮೆ ಕೊಟ್ಟಂತಾಯಿತು. ಉಳಿದ ಡಾಲರನ್ನು ವಾಪಸು ಮಾಡಿದಾಗ ಬ್ಯಾಂಕ್ ತನ್ನ ಕೊಳ್ಳುವ ದರವನ್ನೇ ಹಿಡಿಯಿತು. ಕಾರ್ಡು ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಾನು ಹೋಗುವ ದೇಶದ ನಾಣ್ಯ ಇದರಲ್ಲಿ ಇದೆಯೇ?

ಈಗ ಡೆಬಿಟ್ ಕಾರ್ಡು. ಇದರ ಬಗ್ಗೆ ನನಗೆ ಹೇಳಲು ಬಹಳ ಇದೆ.

ಮೊದಲು ಖರ್ಚಿನ ಲೆಕ್ಕ. ನನ್ನ ಬ್ಯಾಂಕ್ ಪ್ರತಿ ವಿದೇಶಿ ವಹಿವಾಟಿಗೆ ನೂರಕ್ಕೆ ಮೂರೂವರೆ ರೂಪಾಯಿ ವಿನಿಮಯ ಶುಲ್ಕ ಹಿಡಿಯುತ್ತದೆ, ಅದರ ಮೇಲೆ ಶೇಕಡ 18 ಜಿಎಸ್‌ಟಿ. ಒಂದು ಲಕ್ಷಕ್ಕೆ 4,130 ರೂಪಾಯಿ ಅಲ್ಲೇ ಹೋಯಿತು. ಎಟಿಎಂನಿಂದ ತೆಗೆದರೆ ಪ್ರತಿ ಸಲ 125 ರೂಪಾಯಿ ಮತ್ತು ಜಿಎಸ್‌ಟಿ ಬೇರೆ. ಅಲ್ಲಿನ ಬ್ಯಾಂಕಿನ ಯಂತ್ರವೂ ತನ್ನ ಪಾಲನ್ನು ಕೇಳುತ್ತದೆ. ನಾವು ಹೋದಾಗ ಒಂದು ರೂಪಾಯಿಗೆ ಸುಮಾರು 300 ಡಾಂಗ್ ಇತ್ತು. ನಮಗೆ ಸಿಕ್ಕ ಯಂತ್ರಗಳಲ್ಲಿ ಹೆಚ್ಚಿನವು ಒಂದು ಸಲಕ್ಕೆ 20 ಅಥವಾ 30 ಲಕ್ಷ ಡಾಂಗ್‌ಗಿಂತ ಹೆಚ್ಚು ಕೊಡುತ್ತಿರಲಿಲ್ಲ. ಕೇಳಲು ದೊಡ್ಡ ಮೊತ್ತ, ನಮ್ಮ ಲೆಕ್ಕದಲ್ಲಿ ಆರೇಳು ಸಾವಿರದಿಂದ ಹತ್ತು ಸಾವಿರ ರೂಪಾಯಿ ಮಾತ್ರ. ಹೀಗೆ ಸಣ್ಣ ಸಣ್ಣದಾಗಿ ತೆಗೆಯುತ್ತ ಹೋದರೆ ಎಲ್ಲ ಶುಲ್ಕ ಸೇರಿ ಲಕ್ಷಕ್ಕೆ ಏಳು ಸಾವಿರದ ಹತ್ತಿರ ಬರುತ್ತದೆ. ಆಳುಗಳ ಒಂದು ವಾರದ ಬಟವಾಡೆಗೆ ಬೇಕಾಗುವ ಹಣವನ್ನು ಯಂತ್ರಕ್ಕೆ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಶುಲ್ಕವನ್ನಾದರೂ ಸಹಿಸಬಹುದು. ಬುವೊನ್ ಮ ಥುವೊಟ್‌ನಲ್ಲಿ ಆದದ್ದನ್ನು ಸಹಿಸುವುದು ಕಷ್ಟ. ಸಂಜೆ ಹೋಟೆಲಿನ ಪಕ್ಕದ ಎಟಿಎಂನಲ್ಲಿ ಕಾರ್ಡು ಹಾಕಿ 30 ಲಕ್ಷ ಡಾಂಗ್ ಕೇಳಿದೆ. ಒಳಗೆ ನೋಟು ಎಣಿಸುವ ಸದ್ದು ಕೇಳಿಸಿತು, ಪರದೆಯ ಮೇಲೆ ಕ್ಷಮೆ ಕೇಳುವ ಒಂದು ಸಾಲು ಬಂತು, ಕಾರ್ಡು ಹೊರಗೆ ಬಂತು. ಹಣ ಬರಲಿಲ್ಲ, ಚೀಟಿಯೂ ಬರಲಿಲ್ಲ. ಒಂದೆರಡು ನಿಮಿಷದಲ್ಲಿ ಮೊಬೈಲಿಗೆ ನಮ್ಮ ಬ್ಯಾಂಕಿನ ಸಂದೇಶ: ಖಾತೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ರೂಪಾಯಿ ಕಡಿತವಾಗಿದೆ.

ಇದೇ ವಿರಾಜಪೇಟೆಯಲ್ಲಿ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮದ ಪ್ರಕಾರ ಎಟಿಎಂ ಹಣ ಕೊಡದೆ ಖಾತೆಯಿಂದ ಕಡಿದಿದ್ದರೆ ಐದು ದಿನದೊಳಗೆ ಅದು ತಾನಾಗಿಯೇ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಈ ರಕ್ಷಣೆ ದೇಶದೊಳಗಿನ ವಹಿವಾಟಿಗೆ ಮಾತ್ರ ಎಂಬುದನ್ನು ಆ ರಾತ್ರಿ ಓದಿ ತಿಳಿದುಕೊಂಡೆ. ಹೊರದೇಶದಲ್ಲಿ ನಿಮ್ಮ ಬ್ಯಾಂಕ್ ಮಾಸ್ಟರ್‌ಕಾರ್ಡ್, ವೀಸಾದಂಥ ಕಾರ್ಡು ಜಾಲದ ಮೂಲಕ ತಕರಾರು ಸಲ್ಲಿಸಬೇಕು, ಆ ಕಡೆಯ ಬ್ಯಾಂಕ್ ತನ್ನ ಯಂತ್ರದ ದಾಖಲೆ ನೋಡಿ ಒಪ್ಪಬೇಕು, ಆಮೇಲೆ ಹಣ. ದಿನಕ್ಕೆ ನೂರರ ಮಾತೇ ಇಲ್ಲ.

ದೂರು ಕೊಡುವುದೂ ಸುಲಭವಾಗಲಿಲ್ಲ. ಕಾರ್ಡಿನ ಹಿಂಬದಿಯಲ್ಲಿದ್ದದ್ದು 1800ರಿಂದ ಶುರುವಾಗುವ ಉಚಿತ ಸಂಖ್ಯೆ, ಅಲ್ಲಿಂದ ಅದು ತಗಲಲಿಲ್ಲ. ಹೊರದೇಶದಿಂದ ಕರೆಯಬಹುದಾದ ಸಂಖ್ಯೆಯನ್ನು ಮಗಳು ಬ್ಯಾಂಕಿನ ಜಾಲತಾಣದಲ್ಲಿ ಹುಡುಕಿ ಕೊಟ್ಟಳು. ಕರೆ ಎತ್ತಿಕೊಂಡವರು ಮೊಬೈಲ್ ಆ್ಯಪ್‌ನಲ್ಲಿ ದೂರು ದಾಖಲಿಸಿ ಎಂದರು. ಆ್ಯಪ್ ತೆರೆದರೆ ಅದು ನೋಂದಾಯಿತ ಸಿಮ್‌ನಿಂದ ಒಂದು ಸಂದೇಶ ಹೋಗಬೇಕೆಂದು ಹಟ ಹಿಡಿಯಿತು. ರೋಮಿಂಗ್‌ನಲ್ಲಿದ್ದ ನನ್ನ ಪ್ರೀಪೇಯ್ಡ್ ಸಿಮ್‌ಗೆ ಸಂದೇಶಗಳು ಬರುತ್ತಿದ್ದವು, ಹೋಗುತ್ತಿರಲಿಲ್ಲ. ಕೊನೆಗೆ ಇಮೇಲ್ ಬರೆದು, ಯಂತ್ರದ ಮೇಲಿದ್ದ ಸಂಖ್ಯೆ, ಸಮಯ, ಬ್ಯಾಂಕಿನ ಸಂದೇಶ ಎಲ್ಲದರ ಚಿತ್ರ ಲಗತ್ತಿಸಿದೆ. ಯಂತ್ರದ ಫೋಟೋ ತೆಗೆದಿಟ್ಟುಕೊಂಡದ್ದೇ ಆಮೇಲೆ ಕೆಲಸಕ್ಕೆ ಬಂತು.

ಊರಿಗೆ ಬಂದ ಮೇಲೆ ಶಾಖೆಗೆ ಓಡಾಟ. ಅಲ್ಲಿನ ವ್ಯವಸ್ಥಾಪಕರು ಒಳ್ಳೆಯವರು, ಆದರೆ ಅವರ ಕೈಯಲ್ಲಿ ಏನೂ ಇರಲಿಲ್ಲ. ಕಾರ್ಡು ವಿಭಾಗಕ್ಕೆ ಕಳಿಸಿದ್ದೇವೆ ಎನ್ನುವುದಷ್ಟೇ ಅವರು ಹೇಳಬಹುದಾದ ಮಾತು. ಮೂವತ್ತು ದಿನ ಕಳೆದರೂ ಸರಿಯಾದ ಉತ್ತರ ಬಾರದಿದ್ದಾಗ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗುತ್ತೇನೆ ಎಂದು ಬರೆದು ತಿಳಿಸಿದೆ. ರಿಸರ್ವ್ ಬ್ಯಾಂಕಿನ ಸಮಗ್ರ ಓಂಬುಡ್ಸ್‌ಮನ್ ಯೋಜನೆಯಲ್ಲಿ ಅದಕ್ಕೆ ಅವಕಾಶವಿದೆ, ಶುಲ್ಕವೂ ಇಲ್ಲ. ಕೊಯ್ಲು ಮುಗಿದು, ಹೂಮಳೆ ಬಿದ್ದು, ತೋಟ ಬೆಳ್ಳಗೆ ಅರಳಿದ ಮೇಲೆ ಹಣ ಖಾತೆಗೆ ಬಂತು. ವಿನಿಮಯ ಶುಲ್ಕ ಮಾತ್ರ ಅದರಲ್ಲಿ ಸೇರಿರಲಿಲ್ಲ, ಅದಕ್ಕೆ ಮತ್ತೊಂದು ಅರ್ಜಿ. ಹತ್ತು ಸಾವಿರಕ್ಕೆ ಇಷ್ಟು ತಿರುಗಬೇಕಾದರೆ, ಪ್ರವಾಸದ ಇಡೀ ಖರ್ಚನ್ನು ಎಟಿಎಂ ನಂಬಿ ಹೊರಟವರ ಗತಿ ಏನು ಎಂದು ಯೋಚಿಸಿ.

ಡೆಬಿಟ್ ಕಾರ್ಡು ಒಯ್ಯಲೇಬೇಕೆಂದರೆ ಒಂದು ವಿಷಯ ನೆನಪಿರಲಿ. 2020ರಿಂದ ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುವಂತೆ ಬರುತ್ತವೆ, ವಿದೇಶಿ ಬಳಕೆಯನ್ನು ನಾವೇ ತೆರೆಯಬೇಕು. ನನ್ನ ಬ್ಯಾಂಕಿನಲ್ಲಿ ಎಟಿಎಂ, ಅಂಗಡಿಯ ಯಂತ್ರ, ಆನ್‌ಲೈನ್ ಮೂರಕ್ಕೂ ಬೇರೆ ಬೇರೆ ಗುಂಡಿ, ಬೇರೆ ಬೇರೆ ಮಿತಿ. ಊರಿನಲ್ಲಿ ಇರುವಾಗಲೇ ಇದನ್ನು ಮುಗಿಸಿ.

ಇನ್ನು ನನ್ನ ಮೆಚ್ಚಿನ ನೋಟಿನ ಮಾತು. ಡಾಲರನ್ನು ನಾವು ಮೈಸೂರಿನ ಒಂದು ಅಧಿಕೃತ ವಿನಿಮಯ ಅಂಗಡಿಯಲ್ಲಿ ಕೊಂಡೆವು. ಪಾಸ್‌ಪೋರ್ಟ್, ಪ್ಯಾನ್ ಕಾರ್ಡು, ವೀಸಾ, ಟಿಕೆಟ್ ಕೇಳುತ್ತಾರೆ. 50,000 ರೂಪಾಯಿ ದಾಟಿದರೆ ನಗದಾಗಿ ಕೊಡುವಂತಿಲ್ಲ, ಖಾತೆಯಿಂದಲೇ ಹೋಗಬೇಕು. ಒಬ್ಬರು ಒಂದು ಪ್ರವಾಸಕ್ಕೆ 3,000 ಡಾಲರ್ ತನಕ ನೋಟಾಗಿ ಒಯ್ಯಬಹುದು, ನಮ್ಮಂಥವರಿಗೆ ಅದು ಬೇಕಾದದ್ದಕ್ಕಿಂತ ಹೆಚ್ಚು. ಜಿಎಸ್‌ಟಿ ಇಲ್ಲಿ ತೀರ ಕಡಿಮೆ, ಲಕ್ಷ ರೂಪಾಯಿಗೆ 180 ರೂಪಾಯಿ. ಎರಡು ಮೂರು ಅಂಗಡಿಗಳಿಗೆ ಫೋನ್ ಮಾಡಿ ದರ ಕೇಳಿದರೆ ಅವರೇ ಇಳಿಸುತ್ತಾರೆ. ಕರಿಮೆಣಸು ಮಾರುವಾಗ ನಾಲ್ಕು ಕಡೆ ದರ ವಿಚಾರಿಸುವ ನಮಗೆ ಇದೇನೂ ಹೊಸದಲ್ಲ. ಬೆಂಗಳೂರು ವಿಮಾನ ನಿಲ್ದಾಣದ ಕೌಂಟರಿನಲ್ಲೂ ಸುಮ್ಮನೆ ಕೇಳಿ ನೋಡಿದೆ. ಪ್ರತಿ ಡಾಲರಿಗೆ ಹಲವು ರೂಪಾಯಿ ಹೆಚ್ಚು ಹೇಳಿದರು. ಅಲ್ಲಿ ಕೊಳ್ಳಬೇಡಿ.

ಅಂಗಡಿಯವರು ಕೊಡುವ ನೋಟನ್ನು ಒಂದೊಂದಾಗಿ ನೋಡಿ ತೆಗೆದುಕೊಳ್ಳಿ. ವಿಯೆಟ್ನಾಮಿನಲ್ಲಿ ಹರಿದ, ಶಾಯಿ ತಾಗಿದ, ಮುದ್ರೆ ಬಿದ್ದ ಡಾಲರನ್ನು ಬೇಡವೆನ್ನುತ್ತಾರೆ, ಇಲ್ಲವೇ ದರ ಇಳಿಸುತ್ತಾರೆ. ನೂರು ಮತ್ತು ಐವತ್ತರ ನೋಟಿಗೆ ಒಳ್ಳೆಯ ದರ, ಹತ್ತು ಇಪ್ಪತ್ತರ ನೋಟಿಗೆ ಕಡಿಮೆ. ಹೋ ಚಿ ಮಿನ್ ನಗರದಲ್ಲಿ ಇಳಿದಾಗ ಟ್ಯಾಕ್ಸಿಗೆ ಮತ್ತು ಊಟಕ್ಕೆ ಬೇಕಾದಷ್ಟು ಬದಲಿಸಿ, ಉಳಿದದ್ದನ್ನು ನಗರದ ಬ್ಯಾಂಕಿನಲ್ಲಿ ಅಥವಾ ಪರವಾನಗಿ ಇರುವ ಅಂಗಡಿಯಲ್ಲಿ ಬದಲಿಸಿದೆವು. ಚಿನ್ನದಂಗಡಿಗಳಲ್ಲಿ ಇನ್ನೂ ಒಳ್ಳೆಯ ದರ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪರವಾನಗಿ ಇಲ್ಲದ ಕಡೆ ಬದಲಿಸುವುದು ಅಲ್ಲಿ ಅಪರಾಧ. 2018ರಲ್ಲಿ ಕನ್ ಥೋ ನಗರದಲ್ಲಿ ಬರೀ ನೂರು ಡಾಲರನ್ನು ಹಾಗೆ ಮಾರಿದ ಒಬ್ಬನಿಗೆ 9 ಕೋಟಿ ಡಾಂಗ್ ದಂಡ ಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ಮೈಸೂರಿನಲ್ಲಿ ಒಮ್ಮೆ, ಅಲ್ಲಿ ಒಮ್ಮೆ ಬದಲಿಸಿದರೂ ನಮಗೆ ಹೋದದ್ದು ನೂರಕ್ಕೆ ಎರಡು ರೂಪಾಯಿಯ ಒಳಗೆ. ಎಟಿಎಂನ ಏಳರ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಕಾಫಿ ಸೀಮೆಯಲ್ಲಿ ನೋಟಿನ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಯಿತು. ರಸ್ತೆ ಬದಿಯಲ್ಲಿ ಫೋ ಎಂಬ ನೂಡಲ್ಸ್ ಸಾರು ಮಾರುವ ಅಂಗಡಿ, ಬಾಡಿಗೆ ಬೈಕು, ತೋಟ ತೋರಿಸಿದ ರೈತನ ಮನೆಯಲ್ಲಿ ಕೊಂಡ ಕಾಫಿ ಪುಡಿ, ಎಲ್ಲಕ್ಕೂ ನಗದೇ. ಅಂಗಡಿಗಳಲ್ಲಿ ಕ್ಯೂಆರ್ ಫಲಕಗಳು ನಮ್ಮಲ್ಲಿರುವಷ್ಟೇ ಕಾಣುತ್ತವೆ, ಆದರೆ ಅವು ಹೆಚ್ಚಾಗಿ ಅಲ್ಲಿನ ಬ್ಯಾಂಕ್ ಖಾತೆ ಇರುವವರಿಗೆ. ನಮ್ಮ ಯುಪಿಐ ನಡೆಯಲಿಲ್ಲ.

ನಗದಿಗೂ ತೊಂದರೆ ಇದೆ. ಕಳೆದರೆ ಕಳೆದಂತೆ, ಯಾವ ಬ್ಯಾಂಕಿಗೂ ದೂರು ಹೇಳಲು ಬರುವುದಿಲ್ಲ. ಹೋ ಚಿ ಮಿನ್ ನಗರದಲ್ಲಿ ಬೈಕಿನಲ್ಲಿ ಬಂದು ಚೀಲ ಕಿತ್ತುಕೊಂಡು ಹೋಗುವವರಿದ್ದಾರೆ. ನಾವು ಹಣವನ್ನು ಹಂಚಿಕೊಂಡು, ಬಟ್ಟೆಯೊಳಗಿನ ಸೊಂಟದ ಪಟ್ಟಿಯಲ್ಲಿ ಇಟ್ಟುಕೊಂಡಿದ್ದೆವು. ಇನ್ನೊಂದು ಎಚ್ಚರ: 20,000 ಡಾಂಗ್ ನೋಟೂ ನೀಲಿ, 5 ಲಕ್ಷ ಡಾಂಗ್ ನೋಟೂ ನೀಲಿ, ಎರಡರ ಮೇಲೂ ಹೋ ಚಿ ಮಿನ್ ಅವರ ಮುಖ. ಆಗಿನ ದರದಲ್ಲಿ ಒಂದು ಸುಮಾರು ಅರವತ್ತೈದು ರೂಪಾಯಿ, ಇನ್ನೊಂದು ಸಾವಿರದ ಆರುನೂರಕ್ಕೂ ಮೇಲೆ. ದೊಡ್ಡ ನೋಟುಗಳನ್ನು ಬೇರೆ ಜೇಬಿನಲ್ಲಿ ಇಡುವುದೇ ಒಳ್ಳೆಯದು.

ಮಗಳ ಕ್ರೆಡಿಟ್ ಕಾರ್ಡಿಗೆ ಎರಡನೆಯ ಸ್ಥಾನ ಕೊಡುತ್ತೇನೆ. ಅದಕ್ಕೆ ವಿನಿಮಯ ಶುಲ್ಕ ಇಲ್ಲ, ಹೋಟೆಲಿನ ಮುಂಗಡಕ್ಕೆ ಅದೇ ಅನುಕೂಲ, ದೊಡ್ಡ ಮಾಲ್‌ಗಳಲ್ಲಿ ಮರುಮಾತಿಲ್ಲದೆ ನಡೆಯಿತು. ಕೆಲವು ಕಡೆ ಕಾರ್ಡಾದರೆ ಶೇಕಡ 3 ಹೆಚ್ಚು ಎಂದರು. ಅಂಥಲ್ಲಿ ನೋಟು ಕೊಟ್ಟೆವು. ಯಂತ್ರವು ರೂಪಾಯಿಯಲ್ಲಿ ಪಾವತಿಸುತ್ತೀರಾ ಎಂದು ಕೇಳಿದರೆ ಬೇಡ ಎನ್ನಿ, ಡಾಂಗ್‌ನಲ್ಲೇ ಆಗಲಿ. ರೂಪಾಯಿ ಎಂದಾಗ ದರ ಕಟ್ಟುವವರು ಆ ಯಂತ್ರದ ಕಡೆಯವರು, ಅದರಲ್ಲಿ ಅವರ ಲಾಭ ಸೇರಿರುತ್ತದೆ. ನಮ್ಮಲ್ಲಿಯಂತೆ ಪಿನ್ ಅಥವಾ ಒಟಿಪಿ ಎಲ್ಲ ಕಡೆ ಕೇಳುವುದಿಲ್ಲ, ಆದ್ದರಿಂದ ಅವಳು ಆನ್‌ಲೈನ್ ವಿದೇಶಿ ಬಳಕೆಯನ್ನು ಮುಚ್ಚಿಟ್ಟು, ಮಿತಿಯನ್ನು ಕಡಿಮೆ ಮಾಡಿಕೊಂಡಿದ್ದಳು. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ಹಣ ತೆಗೆಯುವ ಯೋಚನೆ ಬೇಡ, ತೆಗೆದ ದಿನದಿಂದಲೇ ಬಡ್ಡಿ ಶುರು.

ಈ ತೀರ್ಮಾನದ ಹಿಂದೆ ನನ್ನ ಅಭ್ಯಾಸವೂ ಇದೆ. ವಾರವಾರ ನೋಟು ಎಣಿಸಿ ಬಟವಾಡೆ ಮಾಡುವವನಿಗೆ ದಿನದ ಖರ್ಚನ್ನು ಬೆಳಿಗ್ಗೆಯೇ ಎಣಿಸಿ ಜೇಬಿಗೆ ಹಾಕಿಕೊಳ್ಳುವುದು ಸುಲಭ, ಸಂಜೆ ಎಷ್ಟು ಉಳಿಯಿತು ಎಂದು ನೋಡಿದರೆ ಲೆಕ್ಕ ಮುಗಿಯಿತು. ಕಾಫಿಯ ಹಣ ವರ್ಷಕ್ಕೊಮ್ಮೆ ಬರುವ ಮನೆಯಲ್ಲಿ ಪ್ರವಾಸಕ್ಕೆಂದು ತೆಗೆದಿಟ್ಟ ಮೊತ್ತ ಅಷ್ಟೇ, ಅದು ದಾಟಬಾರದು. ಸಂಬಳದ ಕೆಲಸದಲ್ಲಿರುವ, ನಗರಗಳಲ್ಲೇ ಸುತ್ತುವ ಮಗಳಂಥವರಿಗೆ ಕಾರ್ಡು ಮೊದಲು, ನೋಟು ಆಮೇಲೆ ಎಂದರೂ ನಾನು ಜಗಳ ಮಾಡುವುದಿಲ್ಲ. ಸಿಂಗಪುರಕ್ಕೆ ಹೋಗುವವರಿಗಂತೂ ಕಾರ್ಡೇ ಸರಿ, ಅಲ್ಲಿ ಬಸ್ಸಿಗೂ ರೈಲಿಗೂ ಅದನ್ನೇ ತಾಗಿಸಿ ಹತ್ತಬಹುದು. ಸ್ವೀಡನ್‌ನಲ್ಲಿ ನಗದು ಬೇಡವೆನ್ನುವ ಅಂಗಡಿಗಳು ಬಹಳ.

ಉಳಿದ ಡಾಂಗನ್ನು ಅಲ್ಲೇ ಖರ್ಚು ಮಾಡಿ ಬನ್ನಿ, ಇಲ್ಲಿ ಅದನ್ನು ಕೊಳ್ಳುವವರು ಸಿಗುವುದು ಕಷ್ಟ. ಡಾಲರ್ ಉಳಿದರೆ ಚಿಂತೆ ಬೇಡ. 2,000 ಡಾಲರ್ ತನಕ ಮುಂದಿನ ಪ್ರವಾಸಕ್ಕೆಂದು ಮನೆಯಲ್ಲೇ ಇಟ್ಟುಕೊಳ್ಳಲು ರಿಸರ್ವ್ ಬ್ಯಾಂಕ್ ಅನುಮತಿ ಇದೆ, ಅದಕ್ಕೂ ಹೆಚ್ಚಿದ್ದರೆ ಮರಳಿದ 180 ದಿನದೊಳಗೆ ಬ್ಯಾಂಕಿಗೋ ವಿನಿಮಯ ಅಂಗಡಿಗೋ ಒಪ್ಪಿಸಬೇಕು. ಕೊಂಡಾಗ ಕೊಟ್ಟ ರಸೀದಿಯನ್ನು ಅದರ ಜೊತೆಗೇ ಇಡಿ.