ಸಿಂಗಾಪುರದ ಎಂಟಿಆರ್: ರವೆ ಇಡ್ಲಿಗೋಸ್ಕರ ಹೋಗ್ಲೇಬೇಕು
ಸಿಂಗಾಪುರದಲ್ಲಿ ದೋಸೆಗೇನೂ ಬರ ಇಲ್ಲ, ಲಿಟಲ್ ಇಂಡಿಯಾದಲ್ಲಿ ಹೆಜ್ಜೆಗೊಂದು ಹೋಟ್ಲಿದೆ, ಆದ್ರೆ ನಮಗೆ ಬೇಕಾಗಿರೋ ಆ ಕೆಂಪಗೆ ಬೆಂದಿರೋ, ಸ್ವಲ್ಪ ದಪ್ಪ ಇರೋ, ಹೊರಗೆ ಗರಿಗರಿ ಒಳಗೆ ಮೆತ್ತಗಿರೋ ಮಸಾಲೆ ದೋಸೆ ಬೇಕು ಅಂದ್ರೆ ನಾನಂತೂ ಸೆರಂಗೂನ್ ರೋಡಲ್ಲಿರೋ ಎಂಟಿಆರ್‌ಗೇ ಹೋಗೋದು. ಫ್ಯಾರರ್ ಪಾರ್ಕ್ ಸ್ಟೇಷನ್ನಲ್ಲಿ ಇಳಿದ್ರೆ ನಡ್ಕೊಂಡೇ ಹೋಗ್ಬೋದು, ಶ್ರೀನಿವಾಸ ಪೆರುಮಾಳ್ ದೇವಸ್ಥಾನ ಹತ್ರಾನೇ ಇದೆ, ದರ್ಶನ ಮುಗಿಸ್ಕೊಂಡು ಸೀದಾ ತಿಂಡಿಗೆ.

ನಂಗೆ ಮುಖ್ಯ ಅಂದ್ರೆ ರವೆ ಇಡ್ಲಿ. ಎರಡನೇ ಮಹಾಯುದ್ಧದ ಟೈಮಲ್ಲಿ ಅಕ್ಕಿ ಸಿಗದೇ ಇದ್ದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ಇವ್ರೇ ಅಂತಾರಲ್ಲ, ಬೆಂಗಳೂರಲ್ಲಿ 1924ರಲ್ಲಿ ಶುರುವಾದ ಹೋಟ್ಲು. ಇಡ್ಲಿ ಮುರಿದ್ರೆ ಒಗ್ಗರಣೆ ಸಾಸಿವೆ, ಕರಿಬೇವು, ಗೋಡಂಬಿ ಚೂರು ಕಾಣತ್ತೆ, ಅದ್ರ ಮೇಲೆ ಬಿಸಿ ತುಪ್ಪ ಹಾಕಿದ್ರೆ ಹಾಗೇ ಒಳಗೆ ಇಳಿಯತ್ತೆ, ಜೊತೆಗೆ ಆಲೂಗಡ್ಡೆ ಸಾಗು. ಮೊದಲನೇ ತುತ್ತಿಗೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರ್ಸಿದೆ, "ತುಪ್ಪ ಚೆನ್ನಾಗ್ ಹಾಕ್ಕೋ ಮಗಾ" ಅಂದ್ರು, ಕಣ್ಣು ತುಂಬಿ ಬಂತು ನಿಜವಾಗ್ಲೂ.

ಇದಕ್ಕೂ ಮುಂಚೆ ಬೇರೆ ಒಂದು ಕಡೆ "ಬೆಂಗಳೂರು ಸ್ಟೈಲ್" ಬೋರ್ಡ್ ನೋಡಿ ಹೋಗಿ, ತಣ್ಣಗಿರೋ ದೋಸೆ, ನೀರು ಚಟ್ನಿ ತಿಂದು ಬೇಜಾರಾಗಿ ಬಂದಿದ್ದೆ, ಬೋರ್ಡ್ ನಂಬ್ಬೇಡಿ.

ಬೆಲೆ ಊರಿನ ಲೆಕ್ಕದಲ್ಲಿ ಜಾಸ್ತಿನೇ, ಡಾಲರನ್ನ ರೂಪಾಯಿಗೆ ಗುಣಿಸ್ತಾ ಕೂತ್ರೆ ತಿನ್ನೋಕಾಗಲ್ಲ. ಭಾನುವಾರ ಬೆಳಗ್ಗೆ ಬೇಗ ಹೋಗಿ, ಕೊನೇಲಿ ಫಿಲ್ಟರ್ ಕಾಫಿ ಬಿಡ್ಬೇಡಿ.