ಟನ್ನರ್ ಸಹಿ: ಚೀಟಿಯ ಮೇಲೋ, ಹಾಳೆಯ ಮೇಲೋ?

ಅಮೆರಿಕದ ವಾಯುಪಡೆಯ ಜನರಲ್ ಆಗಿದ್ದ ವಿಲಿಯಂ ಟನ್ನರ್ ಬರೆದ ನೆನಪಿನ ಪುಸ್ತಕ ‘ಓವರ್ ದ ಹಂಪ್’ ನನ್ನ ಹತ್ತಿರ ಮೂರು ಪ್ರತಿ ಇವೆ. ಒಂದೇ ಪುಸ್ತಕ ಮೂರು ಸಲ ಓದ್ತೀರಾ ಅಂತ ಮನೆಯವರು ಕೇಳುತ್ತಾರೆ. ಓದುವುದು ಒಂದನ್ನೇ, 1985ರ ಮರುಮುದ್ರಣವನ್ನು. ಅದರಲ್ಲಿ ಲೇಖಕರ ಸಹಿ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಟನ್ನರ್ ತೀರಿಕೊಂಡದ್ದು 1983ರಲ್ಲಿ! ನನಗೂ ಒಬ್ಬ ಹಾಗೇ ಟೋಪಿ ಹಾಕಲು ನೋಡಿದ್ದ.

ಉಳಿದೆರಡು 1964ರ ಮೊದಲ ಮುದ್ರಣ, ಎರಡರಲ್ಲೂ ಸಹಿ ಇದೆ. ಒಂದರಲ್ಲಿ ಸಹಿ ಮಾಡಿದ ಚೀಟಿಯನ್ನು ಒಳರಟ್ಟಿಗೆ ಅಂಟಿಸಿದ್ದಾರೆ. ರಟ್ಟಿನ ಮೇಲಿನ ಕಾಗದದ ಹೊದಿಕೆ ಹೊಸದರಂತಿದೆ. ಇನ್ನೊಂದರ ಹೊದಿಕೆ ಬೆನ್ನಿನ ಕಡೆ ಹರಿದಿದೆ, ಬೆಲೆ ಇದ್ದ ಮೂಲೆಯನ್ನು ಯಾರೋ ಕತ್ತರಿಸಿದ್ದಾರೆ. ಅದರಲ್ಲಿ ಸಹಿ ಮೊದಲ ಖಾಲಿ ಹಾಳೆಯ ಮೇಲೇ ಇದೆ, ಮೇಲೆ ಒಬ್ಬ ಸಾರ್ಜೆಂಟ್ ಹೆಸರು. ಹೀಗೆ ಬೇರೆಯವರ ಹೆಸರಿದ್ದರೆ ಸಾಮಾನ್ಯವಾಗಿ ಬೆಲೆ ಕಮ್ಮಿ. ಚೀಟಿಯದಕ್ಕೆ ನಾನು ಇದರ ಎರಡು ಪಟ್ಟು ಕೊಟ್ಟೆ. ದಡ್ಡತನ.

ಒಂದು ರಾತ್ರಿ ಎರಡನ್ನೂ ಮೇಜಿನ ಮೇಲಿಟ್ಟು, ಟಾರ್ಚ್ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಹಾಳೆಯ ಮೇಲಿನ ಸಹಿಯಲ್ಲಿ ಪೆನ್ನು ಒತ್ತಿದ ಗೆರೆ ಕಾಣುತ್ತದೆ. ಹಿಂದಿನಿಂದ ಬೆರಳಾಡಿಸಿದರೆ ಉಬ್ಬು ಸಿಗುತ್ತದೆ. ಚೀಟಿಯಲ್ಲೂ ಅಚ್ಚಿನ ಚುಕ್ಕೆಗಳಿಲ್ಲ, ಕೈಸಹಿಯೇ ಇರಬೇಕು. ಆದರೆ ಅಂಟಿಸಿದ್ದರ ಹಿಂಬದಿ ನೋಡುವುದು ಹೇಗೆ? ಆ ಚೀಟಿ ಈ ಪುಸ್ತಕದ್ದೇ ಅಂತ ಯಾರು ಹೇಳಬೇಕು? ಸಾಲದ್ದಕ್ಕೆ ಹಳೇ ಗೋಂದು ಎದುರು ಪುಟಕ್ಕೂ ಕಂದು ಕಲೆ ಹತ್ತಿಸಿದೆ.

ನನ್ನ ಮನಸ್ಸು ಹರಿದ ಪ್ರತಿಯ ಕಡೆಗೇ ಹೋಗುವುದಕ್ಕೆ ಇನ್ನೊಂದು ಕಾರಣ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಸ್ಸಾಮಿನ ಚಾಬುವಾ, ದಿನ್ಜಾನ್ ಕಡೆಯಿಂದ ಹಿಮಾಲಯ (ಪೈಲಟ್‌ಗಳ ಮಾತಲ್ಲಿ ‘ಹಂಪ್’, ಅಂದರೆ ಗೂನು) ದಾಟಿ ಚೀನಾದ ಕುನ್ಮಿಂಗ್‌ಗೆ ಸಾಮಾನು ಹಾರಿಸುತ್ತಿದ್ದರಲ್ವಾ, 1944ರ ಸೆಪ್ಟೆಂಬರ್‌ನಿಂದ ಆ ಕೆಲಸದ ಯಜಮಾನ ಈ ಟನ್ನರ್. 1945ರ ಜುಲೈ ಒಂದೇ ತಿಂಗಳಲ್ಲಿ ಸುಮಾರು 71,000 ಟನ್ ಸಾಗಿತ್ತು. ಕಾರ್ಖಾನೆಯಲ್ಲಿ ಮಾಡುವ ಹಾಗೆ ವಿಮಾನಗಳನ್ನು ಸಾಲಾಗಿ ಮುಂದೆ ಮುಂದೆ ಸರಿಸುತ್ತಾ, ಒಂದೊಂದು ತಂಡ ಒಂದೊಂದು ಕೆಲಸ ಮುಗಿಸುವ ರಿಪೇರಿ ಪದ್ಧತಿ ತಂದವರೂ ಅವರೇ. ಆಗ ಅಮೆರಿಕದ ವಿಮಾನಗಳ ಓವರ್‌ಹಾಲ್ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್‌ನಲ್ಲೂ ನಡೆಯುತ್ತಿತ್ತು. ನಮ್ಮ ತಾತ ಅಲ್ಲಿ ಫಿಟ್ಟರ್. ಹರಿದ ಪ್ರತಿಯಲ್ಲಿ ಆ ರಿಪೇರಿಯ ಪುಟಗಳ ಅಂಚಿನಲ್ಲೇ ಪೆನ್ಸಿಲ್ ಟಿಕ್‌ಗಳಿವೆ. ಹಾಕಿದ್ದು ಆ ಸಾರ್ಜೆಂಟೇ ಅಂತ ಸುಮ್ನೆ ಅಂದುಕೊಂಡಿದ್ದೇನೆ.

ಚೀಟಿಯ ಪ್ರತಿ ಮಾರುವುದಕ್ಕಿದೆ. ಅದರ ಹೊದಿಕೆ ತೆಗೆದು ಹರಿದ ಪ್ರತಿಗೆ ಹಾಕಿಬಿಡೋಣ ಅಂತ ಒಮ್ಮೆ ಆಸೆಯಾಯಿತು. ಹಾಕಿಯೂ ನೋಡಿದೆ. ಐದು ನಿಮಿಷಕ್ಕೆ ವಾಪಸ್ ತೆಗೆದೆ.